ಅತ್ತೆ ಮೆತ್ತಿದ ಬಿರುಕು

ನನ್ನ ಅತ್ತೆಯ ಕೈಯಿಂದ ಸಾರಿಸಿಕೊಂಡ ಗೋಡೆ ಓಣಿಯಲ್ಲಿ ಬೇರೆಯೇ ಎದ್ದು ಕಾಣುತ್ತದೆ. ಸೊಸೆಯ ಬಾಯಿಂದ ಬಂದ ಹೊಗಳಿಕೆ ಇದು, ಆದ್ದರಿಂದ ಕಣ್ಣು ಮುಚ್ಚಿ ನಂಬಬಹುದು. ಕೆರೆಯ ಮಣ್ಣಿಗೆ ಸೆಗಣಿ, ಹೊಟ್ಟು ಕೂಡಿಸಿ, ತುಳಿದು, ನೆನೆಯಿಟ್ಟು, ಮರುದಿನ ಅಂಗೈಯಿಂದ ಮೆತ್ತಿದರೆಂದರೆ ಬೆರಳಿನ ಗುರುತೂ ಉಳಿಯುವುದಿಲ್ಲ. ಒಮ್ಮೆ ಮನೆ ಕಟ್ಟುವ ಶಹಾಪುರದ ಗೌಂಡಿಯೊಬ್ಬ ನಮ್ಮ ಪಡಸಾಲೆ ನೋಡಿ, "ಯವ್ವಾ, ನೀವು ನಮ್ಮ ಹೊಟ್ಟಿ ಮ್ಯಾಲೆ ಹೊಡಿಯಾಕತ್ತೀರಿ" ಎಂದು ನಕ್ಕಿದ್ದ. ಆ ಕೈ ಒಂದು ಸೋಮವಾರ ನಮ್ಮ ಓಣಿಯನ್ನೇ ಮುಳುಗಿಸುವುದರಲ್ಲಿತ್ತು. ಹಾಗೆ ಮಾಡಲು ಹೇಳಿದವಳು ನಾನು.

ನಮ್ಮೂರು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಗುಡ್ಡದ ಬುಡದಲ್ಲಿ ನೆಲದೊಳಗಿನ ಗಣಿಯೊಂದಿದೆ. ಕಲ್ಲಿದ್ದಲು ನಮ್ಮ ನೆಲದಲ್ಲಿಲ್ಲ, ಇದು ಬೇರೆ ಅದಿರು. ಆದರೆ ಕೊರೆಯುವ ರೀತಿ ಅದೇ ಎಂದು ಬಲ್ಲವರು ಹೇಳುತ್ತಾರೆ: ಇಳಿಜಾರು ಸುರಂಗ, ಒಳಗೆ ಸಿಡಿಮದ್ದು, ಒಸರುವ ನೀರನ್ನು ಎತ್ತಿ ಹಳ್ಳಕ್ಕೆ ಬಿಡುವ ಪಂಪು. ಆ ನೀರಿನಿಂದ ಹಳ್ಳದ ಕೆಳಗಿನವರು ಭತ್ತ ಬೆಳೆದರು. ಮೇಲಿದ್ದ ನಮ್ಮ ಓಣಿಯ ಬಾವಿ ಇಳಿಯಿತು. ಅತ್ತೆ ಸೇದುವ ಹಗ್ಗಕ್ಕೆ ಒಂದು ವರ್ಷದಲ್ಲಿ ಎರಡು ಸಲ ತುಂಡು ಹಗ್ಗ ಕಟ್ಟಿದರು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎನ್ನುತ್ತಾರಲ್ಲ, ಗಣಿಯೂ ಹಾಗೆಯೇ. ಮೊದಲು ಗುಡ್ಡದಲ್ಲಿತ್ತು, ಆಮೇಲೆ ನಮ್ಮ ಬಾವಿಗೆ ಬಂತು, ಈಗ ಮನೆಯ ಕೆಳಗೇ ಬರುತ್ತೇನೆ ಎಂದು ಅರ್ಜಿ ಹಾಕಿತ್ತು. ಕೆರೆ ಏರಿಯವರೆಗೆ ಬಂದಿದ್ದ ಸುರಂಗವನ್ನು ಏರಿ ದಾಟಿಸಿ, ನಮ್ಮ ಓಣಿಯ ಅಡಿಯಿಂದ ಒಯ್ಯಲು ಕಂಪನಿ ಅನುಮತಿ ಕೇಳಿತ್ತು.

ಅನುಮತಿ ಕೊಡುವ ಮೊದಲು ನೀರು, ನೆಲ, ಮನೆ ಪರಿಶೀಲಿಸಲು ಸರಕಾರದವರು ಒಬ್ಬ ಭೂವಿಜ್ಞಾನಿಯನ್ನು ಕಳಿಸಿದರು. ಅವರನ್ನು ನಾವೆಲ್ಲ ಮೇಡಂ ಎಂದೇ ಕರೆದೆವು. ಬೆಂಗಳೂರು ಕಡೆಯ ಮಾತು, ಕುತ್ತಿಗೆಗೆ ತೂಗುಹಾಕಿದ ಕನ್ನಡಕ, ನಗು ಕಡಿಮೆ. ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು ನಾನಾದ್ದರಿಂದ, ಮತ್ತು ಅದೇ ಓಣಿಯ ಸೊಸೆಯೂ ಆಗಿದ್ದರಿಂದ, ನನ್ನನ್ನೇ ಜೊತೆಗೆ ಹಾಕಿದರು.

"ನೀರು ತೆಗೆದ ಹಾಗೆ ಮಣ್ಣು ಕುಗ್ಗುತ್ತೆ," ಎಂದು ಬಾವಿಗೆ ಟೇಪು ಇಳಿಬಿಡುತ್ತ ಹೇಳಿದರು. "ಮೇಲೆ ಕೂತಿರೋ ಮನೆಗೆ ಅದು ಮೊದಲು ಗೊತ್ತಾಗುತ್ತೆ. ಬಾವಿ ಇಳಿದಿದ್ದಕ್ಕೆ ಮಳೆ, ಬೋರ್‌ವೆಲ್ ಅಂತ ನೂರು ಕಾರಣ ಹೇಳಬಹುದು. ಗೋಡೆ ಅಲುಗಿದ್ದಕ್ಕೆ ಅಷ್ಟು ಕಾರಣ ಸಿಗಲ್ಲ."

ಓಣಿಯ ಏಳು ಮನೆಗಳ ಬಿರುಕುಗಳ ಮೇಲೆ ಅಡ್ಡವಾಗಿ ಹನ್ನೊಂದು ಗಾಜಿನ ಪಟ್ಟಿ ಅಂಟಿಸಿದರು. ಬಿರುಕು ಸುಮ್ಮನಿದ್ದರೆ ಗಾಜೂ ಸುಮ್ಮನಿರುತ್ತದೆ, ಬಿರುಕು ಬಾಯಿ ತೆರೆದರೆ ಗಾಜು ಒಡೆಯುತ್ತದೆ. ಪ್ರತಿ ಸೋಮವಾರ ನಾನು ನೋಡಿ ಪುಸ್ತಕದಲ್ಲಿ ಬರೆಯಬೇಕು, ಫೋಟೊ ತೆಗೆಯಬೇಕು. ಗಾಜು ಒಡೆದರೆ ಸುರಂಗ ಏರಿಯ ಹತ್ತಿರವೇ ನಿಲ್ಲಬೇಕು. ಒಡೆಯದಿದ್ದರೆ ನಮ್ಮ ಒಲೆಯ ಕೆಳಗೆ ಸಿಡಿಮದ್ದು ಹಾರುತ್ತದೆ. ಲೆಕ್ಕ ಅಷ್ಟು ಸರಳವಿತ್ತು.

ಅತ್ತೆಗೆ ಗಾಜು ಮೊದಲ ದಿನವೇ ಸೇರಲಿಲ್ಲ. "ಗ್ವಾಡಿಗಿ ಯಾರರ ಗಾಜ ಹಚ್ತಾರೇನ? ಮುಖ ನೋಡ್ಕೊಳ್ಳಾಕೂ ಬರಂಗಿಲ್ಲ." ಹಬ್ಬ ಬಂದಾಗ ಗಾಜು ಇದ್ದಲ್ಲಿ ಬಿಟ್ಟು, ಬಿರುಕಿನ ಉಳಿದ ಭಾಗಕ್ಕೆ ಮಣ್ಣು ಮೆತ್ತುತ್ತಿದ್ದರು. ಬಿಟ್ಟ ಜಾಗವನ್ನು ನೋಡಿ ನೋಡಿ ಲೊಚಗುಟ್ಟುತ್ತಿದ್ದರು. ದಸರೆಯ ಮರುವಾರ ನಮ್ಮ ಮನೆಯ ಗಾಜು ಒಡೆಯಿತು. ನಾನು ರೊಟ್ಟಿ ತಟ್ಟುತ್ತಿದ್ದೆ. ನೆಲದೊಳಗೆ ದೂರದಲ್ಲಿ ಗುಡುಗಿದಂತಾಯಿತು, ಡಬ್ಬಿ ಮೇಲಿನ ಮುಚ್ಚಳ ನಡುಗಿತು, ಮತ್ತು ಪಡಸಾಲೆಯಿಂದ ಟಿಕ್ ಎಂಬ ಸಣ್ಣ ಸಪ್ಪಳ ಬಂತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ನೋಡಿದೆ. ನನಗೆ ಭಯವಾಯಿತು, ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಮನೆ ಬಿರಿದದ್ದಕ್ಕೆ ಖುಷಿ ಪಟ್ಟ ಮೊದಲ ಸೊಸೆ ನಾನೇ ಇರಬೇಕು.

ಫಾಲ್ಗುಣದ ಹೊತ್ತಿಗೆ ಹನ್ನೊಂದರಲ್ಲಿ ಏಳು ಒಡೆದಿದ್ದವು. ಮೇಡಂ ಕೊನೆಯ ಪರಿಶೀಲನೆಗೆ ಸೋಮವಾರ ಬರುತ್ತಾರೆಂದು ಶುಕ್ರವಾರ ಗೊತ್ತಾದಾಗ ನಾನು ಯಾದಗಿರಿಗೆ ತರಬೇತಿಗೆ ಹೋಗಿದ್ದೆ, ಅಲ್ಲೇ ಹತ್ತಿರ ಮುದನಾಳದ ಅಕ್ಕನ ಮನೆಯಲ್ಲಿ ಉಳಿದಿದ್ದೆ. ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. "ಅತ್ತಿ, ಸೋಮವಾರ ಮೇಡಮ್ಮಾರು ಬರಾಕತ್ತಾರ್ರಿ. ಮನಿ ಒಂದೀಟು ಛಂದ ಮಾಡಿ ಇಡ್ರಿ. ಓಣ್ಯಾಗೂ ಹೇಳ್ರಿ." ಬಾಯಿಗೆ ಬಂದ ಮಾತು ಅದು. ಯಾರಾದರೂ ಮನೆಗೆ ಬರುತ್ತಾರೆಂದರೆ ನಾವು ಆಡುವ ಮೊದಲ ಮಾತೇ ಅದು. ಕಸ ಗುಡಿಸಿ, ಹಾಸಿಗೆ ಮಡಿಚಿಡಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಸೋಮವಾರ ಬೆಳಿಗ್ಗೆ ಬಸ್ಸಿನಿಂದ ಇಳಿದಾಗ ಮೇಡಂ ಅವರ ಜೀಪೂ ಅದೇ ಹೊತ್ತಿಗೆ ಬಂತು. ಜೊತೆಗೆ ಕಂಪನಿಯ ಕಡೆಯಿಂದ ಒಬ್ಬ ತರುಣ ಎಂಜಿನಿಯರ್. ಓಣಿಯವರು, ಕಂಪನಿಯವರು, ಎರಡೂ ಕಡೆಯವರ ಎದುರಿಗೇ ಪರಿಶೀಲನೆ ಆಗಬೇಕೆಂಬ ನಿಯಮವಿತ್ತು. ಓಣಿಯ ತಿರುವಿಗೆ ಬರುತ್ತಲೇ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು.

ಏಳಕ್ಕೆ ಏಳೂ ಮನೆ ಮದುವೆ ಮನೆಯಂತಾಗಿದ್ದವು. ಗೋಡೆ ಸಾರಿಸಿ, ಬಿಳಿ ಮಣ್ಣು ಬಳಿದು, ಕೆಮ್ಮಣ್ಣಿನ ಅಂಚು ಎಳೆದು, ಹೊಸ್ತಿಲಿಗೆ ರಂಗೋಲಿ ಹಾಕಿದ್ದರು. ನಮ್ಮ ಕಟ್ಟೆಯ ಮೇಲೆ ಅತ್ತೆ ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟು, ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಿಂತಿದ್ದರು. "ಬರ್ರಿ ಯವ್ವಾ, ಬಿಸಲಾಗ ಬಂದೀರಿ," ಎಂದು ಮೇಡಂಗೆ ನಕ್ಕರು.

ನಾನು ಅವರನ್ನು ದಾಟಿ ಒಳಗೆ ಓಡಿದೆ. ಪಡಸಾಲೆಯ ಗೋಡೆಯಲ್ಲಿ ನೆಲದಿಂದ ತೊಲೆಯವರೆಗೆ ಏರಿದ್ದ ಬಿರುಕು ಇರಲಿಲ್ಲ. ಗಾಜೂ ಇರಲಿಲ್ಲ. ಅಂಗೈ ಆಡಿದ ನುಣುಪು ಮಾತ್ರ ಇತ್ತು.

"ಗಾಜ ಎಲ್ಲಿ?" ಎಂದೆ.

"ಒಡದ ಗಾಜ ಮನ್ಯಾಗ ಇಟ್ಕೊಂಡು ಮಂದಿನ ಕರೀತಾರೇನ?" ಅತ್ತೆಗೆ ಇನ್ನೂ ನಗುವೇ ಇತ್ತು. "ಅಪಶಕುನ ಅಲ್ಲೇನ? ಎಲ್ಲಾರ ಮನೀವು ಕಿತ್ತಿಸಿ ತಿಪ್ಪಿಗಿ ಒಗಸೀನಿ."

ಮೇಡಂ ಒಂದೊಂದೇ ಮನೆ ನೋಡಿದರು. ಹಿಂದಿನಿಂದ ಎಂಜಿನಿಯರ್ ಒಂದೊಂದೇ ಗೋಡೆಯ ಫೋಟೊ ತೆಗೆದುಕೊಂಡ. ರಂಗೋಲಿಯನ್ನೂ ಬಿಡಲಿಲ್ಲ. ನಾನು ಪುಸ್ತಕ ಮುಂದೆ ಹಿಡಿದೆ. ವಾರ ತಪ್ಪದೆ ಬರೆದದ್ದು, ಒಂದು ಪುಟವೂ ಖಾಲಿ ಇಲ್ಲ.

"ನಾನು ನಂಬ್ತೀನಿ," ಎಂದರು ಮೇಡಂ. "ಆದರೆ ನನ್ನ ನಂಬಿಕೆಯನ್ನ ವರದಿಯಲ್ಲಿ ಬರೆಯೋಕಾಗಲ್ಲ. ನೀವೂ ಇದೇ ಓಣಿಯವರು."

ಫೋಟೊ ತೋರಿಸಿದೆ. ಅಲ್ಲೂ ನನ್ನ ಜಾಣತನ ಬಯಲಾಯಿತು. ಒಡೆದದ್ದು ಚೆನ್ನಾಗಿ ಕಾಣಲಿ ಎಂದು ಮೊಬೈಲನ್ನು ಗಾಜಿಗೆ ಮುಟ್ಟಿಸುವಷ್ಟು ಹತ್ತಿರ ಹಿಡಿದು ತೆಗೆದಿದ್ದೆ. ಬಾಗಿಲಿಲ್ಲ, ಮನೆ ನಂಬರಿಲ್ಲ. "ಇದು ಯಾವ ಊರಿನ ಗ್ವಾಡಿ ಅಂತ ಹ್ಯಾಂಗ ಹೇಳೂದ್ರಿ?" ಎಂದು ಎಂಜಿನಿಯರ್ ಮೆತ್ತಗೆ ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಅವನ ಮೇಲೆ ಇನ್ನೂ ಸಿಟ್ಟು ಬಂತು. ಹೆಂಗಸರು ತಿಪ್ಪೆ ಕೆದರಿ ಗಾಜಿನ ಚೂರುಗಳನ್ನು ಸೆರಗಿನಲ್ಲಿ ಹಾಕಿಕೊಂಡು ಬಂದರು. "ಒಗದಾಗೂ ಒಡೀತದಲ್ರಿ ಗಾಜು," ಎಂದ ಅವನು. ಅದೂ ಸರಿಯೇ. ನನ್ನ ಎಂಟು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಮೇಡಂ ಗಡಿಯಾರ ನೋಡಿದರು. ಹೊಸ ಗಾಜು ಅಂಟಿಸಿ ಮತ್ತೆ ಕಾಯಬಹುದಲ್ಲ ಎಂದು ಬೇಡಿಕೊಂಡೆ. ತಾವು ವರದಿ ಕೊಡುವ ಗಡುವು ಆ ವಾರವೇ ಮುಗಿಯುತ್ತದೆ ಎಂದರು. ಇವತ್ತು ಕಂಡದ್ದನ್ನು ಬರೆಯಬೇಕು. ಇವತ್ತು ಕಂಡದ್ದು ಅಚ್ಚುಕಟ್ಟಾದ ಏಳು ಮನೆ.

ಆಗ ನಾನು ಅತ್ತೆಯ ಕಡೆ ತಿರುಗಿದೆ. ಓಣಿಯೆಲ್ಲ ನೋಡುತ್ತಿತ್ತು. "ನಿಮ್ಮ ಕೈ ಮುರದು ಬೀಳ್ಲಿ! ಎಲ್ಲಾರ ಮನಿ ಹಾಳ ಮಾಡಿದ್ರಿ!" ಎಂದು ಕಿರುಚಿದೆ. ಮದುವೆಯಾಗಿ ಬಂದಂದಿನಿಂದ ಅವರಿಗೆ ಎದುರು ಮಾತಾಡಿದ್ದುಂಟು, ಹೀಗೆ ಶಾಪ ಹಾಕಿದ್ದಿಲ್ಲ. ಅವರ ಮುಖ ಸಣ್ಣದಾಯಿತು. ಫೋನ್ ಮಾಡಿ ಹೇಳಿದಾಕಿ ನೀನೇ ಅಲ್ಲೇನು ಎಂದು ಒಂದು ಮಾತು ಕೇಳಿದ್ದರೆ ನಾನು ಅಲ್ಲೇ ಭೂಮಿಗೆ ಇಳಿದುಹೋಗುತ್ತಿದ್ದೆ. ಅವರು ಕೇಳಲಿಲ್ಲ. ಒಳಗೆ ಹೋದರು.

ಅಳಲು ಹೋದರು ಅಂದುಕೊಂಡೆ. ಹೊರಗೆ ಬಂದಾಗ ಕೈಯಲ್ಲಿ ಕಳೆ ಕೀಳುವ ಕುರುಪಿ ಇತ್ತು, ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿದ್ದರು.

"ನಿಮಗ ಬಿರುಕು ಬೇಕೇನ್ರಿ ಯವ್ವಾ?" ಎಂದು ಮೇಡಂ ಅವರನ್ನು ಕೇಳಿದರು. "ಒಳಗ ಬರ್ರಿ."

ತಾವೇ ಮೆತ್ತಿದ ಗೋಡೆಗೆ ನೆಲದಿಂದ ತೊಲೆಯ ಬುಡದವರೆಗೆ ಕುರುಪಿ ಹಾಕಿದರು. ಹಸಿ ಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಅದರ ಹಿಂದೆ ಬಿರುಕು ಇತ್ತು, ಆದರೆ ಖಾಲಿ ಇರಲಿಲ್ಲ. ಮೂರು ಬೆರಳಿನಷ್ಟು ಅಗಲದ ಸೀಳಿನ ತುಂಬ ಬೇರೆ ಬೇರೆ ಬಣ್ಣದ ಮಣ್ಣು ಪಟ್ಟೆ ಪಟ್ಟೆಯಾಗಿ ನಿಂತಿತ್ತು. ಮೇಡಂ ಕನ್ನಡಕ ಏರಿಸಿಕೊಂಡು ನೆಲದ ಮೇಲೇ ಕೂತುಬಿಟ್ಟರು. ಚೀಲದಿಂದ ಬ್ರಶ್ ತೆಗೆದು ಪುಡಿ ಒರೆಸಿದರು.

"ಇದನ್ನ ಒಂದೇ ಸಲ ತುಂಬಿದ್ದಲ್ಲ," ಎಂದರು.

"ಒಂದ ಸಲ ಹ್ಯಾಂಗ ಆಗ್ತದ್ರಿ? ಹಬ್ಬಕ್ಕೊಮ್ಮಿ ತುಂಬ್ತೀನಿ. ಅದು ಮತ್ತ ಬಾಯಿ ಬಿಡ್ತದ. ಬಿಟ್ಟಷ್ಟು ಮತ್ತ ತುಂಬ್ತೀನಿ." ಕುರುಪಿಯ ತುದಿಯಿಂದ ಒಂದೊಂದನ್ನೇ ಮುಟ್ಟಿ ತೋರಿಸಿದರು. "ಈ ಅಂಚಿಗಿ ದಾರದಷ್ಟು ಕರಿ ಮಣ್ಣು ಅದ ನೋಡ್ರಿ, ಇದು ನಾ ಮದಿವ್ಯಾಗಿ ಬಂದ ಹೊಸತಾಗ ತುಂಬಿದ್ದು. ಆಮ್ಯಾಲೆ ಎಷ್ಟೋ ವರ್ಷ ಅಲುಗಲಿಲ್ಲ. ಈ ಕೆಂಪಂದು ಹ್ವಾದ ಪಂಚಮಿಗಿ. ಬೂದಿ ಕೂಡಿಸಿದ್ದು ದಸರಾಕ್ಕ. ಇದರಾಗ ಸೇಂಗಾ ಸಿಪ್ಪಿ ಅದ, ಇದು ಸಂಕ್ರಾಂತೀದು. ಮ್ಯಾಲಿನ ಹಸೀದು ಮೊನ್ನೀದು, ನಿಮ್ಮ ಸಲುವಾಗಿ."

ಮೇಡಂ ಪಟ್ಟೆಗೊಂದು ಅಳತೆ ತೆಗೆದರು, ಬರೆದರು. ಬರೆಯುತ್ತ ಎಂಜಿನಿಯರನ್ನು ಕೇಳಿದರು: "ಸುರಂಗ ಏರಿ ಹತ್ತಿರ ಬಂದಿದ್ದು ಯಾವಾಗ?" ಅವನು ಕಾಗದ ನೋಡಿ, ಶ್ರಾವಣದ ಹೊತ್ತಿಗೆ ಎಂದ. ಕೆಂಪು ಮಣ್ಣಿನ ಆ ನಾಗರಪಂಚಮಿ ಶ್ರಾವಣದಲ್ಲೇ ಬರುತ್ತದೆ. ಅವನ ಮುಖ ಸ್ವಲ್ಪ ಬಾಡಿತು, ಆದರೆ ತನ್ನ ಕೆಲಸ ಬಿಡಲಿಲ್ಲ. "ಒಂದು ಮನಿ ಮ್ಯಾಲಿಂದ ಹೇಳಾಕ ಬರಂಗಿಲ್ಲ ಮೇಡಂ. ಮಾಳಿಗಿ ಭಾರಕ್ಕೂ ಬಿರೀತದ."

"ಹೌದು," ಎಂದರು ಮೇಡಂ. "ಇನ್ನೆರಡು ಮನೆ ಬೇಕು."

ಬಾಗಿಲಲ್ಲಿ ತುಂಬಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೂರು ದಿನ ಸೊಂಟ ಮುರಿದು ಸಾರಿಸಿದ ಗೋಡೆ. ಪಕ್ಕದ ಮನೆಯವಳ ಮಗಳಿಗೆ ಗುರುವಾರ ನಿಶ್ಚಯವಿತ್ತು, ತಿಂಥಣಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಆಕೆ ಸೆರಗು ಬಾಯಿಗೆ ಹಿಡಿದು ಹಿಂದೆ ಸರಿದಳು. ಮೇಡಂ ಕಾಯುತ್ತ ನಿಂತರು. ಯಾರಿಗೂ ಒತ್ತಾಯ ಮಾಡುವಂತಿಲ್ಲ ಎಂದು ಅವರು ಹೇಳಿದ್ದು ನನಗೆ ಆಗ ಶತ್ರುವಿನ ಮಾತಿನಂತೆ ಕೇಳಿಸಿತು. ಒತ್ತಾಯ ಮಾಡಿ, ಎಂದು ಒಳಗೇ ಒದರಿದೆ.

ಅತ್ತೆ ಪಕ್ಕದ ಮನೆಯವಳ ಕೈಗೆ ಕುರುಪಿ ಕೊಟ್ಟರು. "ಕೆದರವ್ವ. ಬುಧವಾರ ನಾನ ಬಂದು ಸಾರಸಿ ಕೊಡ್ತೀನಿ. ಬೀಗರು ಬಂದ್ರ ಈಗಿನಕಿಂತ ಛಂದ ಕಾಣಬೇಕು, ಹಂಗ ಮಾಡ್ತೀನಿ. ಓಣಿನ ಇಲ್ಲದಂಗಾದ್ರ ಬೀಗರು ಎಲ್ಲಿ ಕುಂಡ್ರತಾರ?"

ಆಕೆ ಅಳುತ್ತಲೇ ಕೆದರಿದಳು. ಅದರಾಚೆಯ ಮನೆಯವರೂ ಕೆದರಿದರು. ಕೆಂಪು, ಬೂದಿ, ಸೇಂಗಾ ಸಿಪ್ಪೆ: ಎರಡೂ ಕಡೆ ಅದೇ ಸಾಲು. ನಮ್ಮ ಓಣಿಯ ಹೆಂಗಸರು ಹಬ್ಬಕ್ಕೆ ಒಂದೇ ಬಂಡಿ ಮಣ್ಣು ತರಿಸಿ ಹಂಚಿಕೊಳ್ಳುತ್ತಾರೆ, ಎಲ್ಲರೂ ಅತ್ತೆ ಕಲಸಿದ ಹಾಗೇ ಕಲಸುತ್ತಾರೆ. ಅಗಲ ಮಾತ್ರ ಒಂದೊಂದು ಕಡೆ ಒಂದೊಂದು ರೀತಿ, ಏರಿಯ ಕಡೆಗೆ ಹೋದಂತೆ ಹೆಚ್ಚು. ಮೇಡಂ ಮೂರನೆಯ ಮನೆಯ ಅಳತೆ ಬರೆದು, ಎಂಜಿನಿಯರ್‌ಗೆ ಪೆನ್ನು ಕೊಟ್ಟರು. ಅವನು ಎರಡು ಸಲ ಓದಿ ಸಹಿ ಹಾಕಿದ. ಗೆದ್ದೆವು ಎಂದು ಅತ್ತೆಗೆ ಹೇಳಲು ನಮ್ಮ ಮನೆಗೆ ಓಡಿದೆ.

ಅವರು ಪಡಸಾಲೆಯಲ್ಲಿ ನಿಂತು ಮೇಲೆ ನೋಡುತ್ತಿದ್ದರು. ತೊಲೆಯ ತುದಿಯಿಂದ ಮಣ್ಣು ಸಣ್ಣಗೆ ಸುರಿಯುತ್ತಿತ್ತು, ಗಿರಣಿಯಲ್ಲಿ ಹಿಟ್ಟು ಬಿದ್ದಂತೆ. "ದೇವರ ಫೋಟೊ ತಗೋ," ಎಂದರು. ನಾನು ತೆಗೆದುಕೊಂಡೆ. "ಹೊರಗ ನಡಿ." ನಾವು ಹೊಸ್ತಿಲು ದಾಟಿದ ಮೇಲೆ ತೊಲೆ ಒಂದು ಗೇಣು ಕುಸಿದು ಕೂತಿತು. ಮಾಳಿಗೆಯ ಮಣ್ಣು ಸುರಿದು ಬಾಗಿಲು ಧೂಳಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಮೇಡಂ ಓಡಿ ಬಂದು ನೋಡಿ, ಯಾರೂ ಒಳಗೆ ಹೋಗಬಾರದು ಎಂದು ಎಲ್ಲರನ್ನೂ ಹಿಂದೆ ಸರಿಸಿದರು.

ಸಂಜೆ, ಬಾಡಿಗೆ ಮುಗಿಸಿ ಬಂದ ನನ್ನ ಗಂಡನ ಆಟೊದಲ್ಲಿ, ಹೊರಗೆ ತರಲಿಕ್ಕೆ ಸಾಧ್ಯವಾದಷ್ಟು ಸಾಮಾನನ್ನು ಓಣಿಯ ತುದಿಯಲ್ಲಿ ಖಾಲಿ ಬಿದ್ದಿದ್ದ ತಗಡಿನ ಕೋಣೆಗೆ ಸಾಗಿಸಿದೆವು. ಅತ್ತೆಯೂ ನಾನೂ ಅಲ್ಲಿ ಪಾತ್ರೆಗಳ ನಡುವೆ ಕೂತಿದ್ದೆವು.

"ಅತ್ತಿ, ಛಂದ ಮಾಡಿ ಇಡ್ರಿ ಅಂದಾಕಿ ನಾನ," ಎಂದೆ.

"ಗೊತ್ತದ ಬಿಡು. ನೀ ಅನದಿದ್ರೂ ಸಾರಸ್ತಿದ್ದೆ. ಮಂದಿ ಬರ್ತಾರಂದ್ರ ಸಾರಸದ ಇರ್ತಾರೇನು?"

"ಮಂದ್ಯಾಗ ನಿಮಗ ಹಂಗ ಅಂದೆ."

"ಅಂದಿ," ಎಂದರು. ಅದನ್ನು ಇಲ್ಲವೆನ್ನಲಿಲ್ಲ, ಮರೆತೆ ಎಂದೂ ಹೇಳಲಿಲ್ಲ. ರೊಟ್ಟಿಯ ಬುಟ್ಟಿ ಹತ್ತಿರ ಎಳೆದುಕೊಳ್ಳುತ್ತ, "ಆ ತೊಲಿ ಆ ಮಣ್ಣಿನ ಮ್ಯಾಲೇ ಕುಂತಿತ್ತು. ಗ್ವಾಡಿ ಅದನ್ನ ಯಾವಾಗೋ ಬಿಟ್ಟಿತ್ತು," ಎಂದರು.

ಗೊತ್ತಿದ್ದೇ ಕುರುಪಿ ಹಾಕಿದ್ದರು. ನಾನು ತಲೆ ತಗ್ಗಿಸಿ ಅಳತೊಡಗಿದೆ. ಅವರು ಬುಟ್ಟಿಯಿಂದ ರೊಟ್ಟಿ ತೆಗೆದು ನನ್ನ ಮುಂದಿಟ್ಟರು. ಬುಧವಾರ ಹೇಳಿದ ಹಾಗೆ ಪಕ್ಕದ ಮನೆಗೆ ಹೋಗಿ ಸಾರಿಸಿ ಕೊಟ್ಟರು. ನಿಶ್ಚಯ ಆಯಿತು.

ಮೇಡಂ ಕೊಟ್ಟ ವರದಿ ಸರಕಾರದಿಂದ ಪಂಚಾಯಿತಿಗೆ ಬಂದದ್ದು ಮಳೆ ಹಿಡಿದ ಮೇಲೆ. ಪಂಚಾಯಿತಿಯ ಕಂಪ್ಯೂಟರಿನಲ್ಲಿ ಮೊದಲು ಓದಿದವಳು ನಾನೇ. ಸುರಂಗ ಏರಿ ದಾಟಬಾರದು. ನೀರೆತ್ತುವುದರ ಮೇಲೆ ನಿಗಾ ಇಡಬೇಕು. ಓಣಿಯ ಆರು ಮನೆಗಳಿಗೆ ಹೊಸ ಗಾಜು ಹಾಕಬೇಕು. ನಮ್ಮ ಮನೆಗೆ ಒಂದೇ ಸಾಲು: ವಾಸಕ್ಕೆ ಯೋಗ್ಯವಲ್ಲ. ಪ್ರತಿ ತೆಗೆದುಕೊಂಡು ಓಣಿಗೆ ಬಂದೆ. ತಗಡಿನ ಕೋಣೆಯ ಮುಂದೆ ಹೆಂಗಸರೆಲ್ಲ ಕೂಡಿದರು. ಸುರಂಗ ನಿಂತಿತೆಂದು ಓದಿದಾಗ ಒಬ್ಬಳು ತಿಂಥಣಿಯ ಮೌನೇಶ್ವರನಿಗೆ ಕೈ ಮುಗಿದಳು, ಮತ್ತೊಬ್ಬಳು ಅತ್ತೆಯ ಬಾಯಿಗೆ ಸಕ್ಕರೆ ಹಾಕಿದಳು.

ಅತ್ತೆ ಸಕ್ಕರೆ ನುಂಗಿ ಕೇಳಿದರು: "ಕಾಯಂ ನಿಂತಿತೇನು?"

"ಸದ್ಯಕ್ಕ," ಎಂದೆ. "ಅವರು ಮತ್ತ ಅರ್ಜಿ ಹಾಕಬಹುದಂತ. ಹಾಕಿದ್ರ ಮತ್ತ ಬಂದು ನೋಡ್ತಾರ."

"ಆವಾಗ ಯಾರ ಮನಿ ಕೆದರೂದು?"

ಪಕ್ಕದ ಮನೆಯವಳು ತನ್ನ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಎಲ್ಲರೂ, ಕಾಗದ ಹಿಡಿದವಳು ನಾನೆಂದು, ನನ್ನ ಮುಖ ನೋಡಿದರು.